ಪುಷ್ಪಾ ಕೇಳುತ್ತಾರೆ, ಹಾಡು ಉತ್ತರ ಕೊಡುತ್ತದೆ

ತಮಿಳುನಾಡಿನ ಮೇಚೇರಿ ಸುತ್ತಿನ ಒಣ ಬಯಲಿನ ಮೇಲೆ ಇವತ್ತು ಮಂಜು ಇಳಿದಿದೆ. ಈ ಸೀಮೆಗೆ ಅದು ಅಪರೂಪ. ಏರ್ಕಾಡಿನ ಬೆಟ್ಟದಿಂದ ದಾರಿ ತಪ್ಪಿ ಬಂದಂತೆ ತೆಳ್ಳಗೆ, ಬೆಳ್ಳಗೆ ಜೋಳದ ಹೊಲದ ಮೇಲೆ ಕೂತಿದೆ; ಬೇವಿನೆಲೆಯ ತುದಿಯಿಂದ ಹನಿ ತೊಟ್ಟಿಕ್ಕುತ್ತಿದೆ. ಹೊತ್ತು ಇನ್ನೂ ಹುಟ್ಟಿಲ್ಲ. ದೇವರ ಗೂಡಿಗೆ ದೀಪವಿಟ್ಟು ಕೈಮುಗಿದು, ನಲವತ್ತಮೂರರ ಪುಷ್ಪಾ ಕಡಲೆಕಾಯಿ ಮೂಟೆಗಳ ನಡುವೆ ಹೋಗಿ ಕೂರುತ್ತಾರೆ. ಅದೇ ಅವರ ಸ್ಟುಡಿಯೊ. ಮೂರು ಕಡೆ ಮೂಟೆ, ನಾಲ್ಕನೆಯ ಕಡೆ ನೇತುಹಾಕಿದ ಹಳೆಯ ರಗ್ಗು, ಕೈಯಲ್ಲಿ ಗಾಜು ಬಿರಿದ ಮೊಬೈಲು.

"ಕುರಿಯಣ್ಣಾ, ಯಾಕಪ್ಪ ಇಂಗೆ ಸೊರಗಿದ್ದೀಯ?" ಮೊಬೈಲಿನೊಳಗಿನ ಪುಷ್ಪಾ ಕನ್ನಡದಲ್ಲಿ ಕೇಳುತ್ತಾರೆ. ಉತ್ತರವಾಗಿ ಒಂದು ಹಳೆಯ ತಮಿಳು ಸಿನಿಮಾ ಹಾಡಿನ ತುಣುಕು, ವಿರಹದಲ್ಲಿ ಬೆಂದ ನಾಯಕನ ಮೂರು ಸೆಕೆಂಡಿನ ನರಳಾಟ ಬರುತ್ತದೆ. "ಡಾಕ್ಟ್ರನ್ನ ಕರೀಲಾ?" ನಾಯಕಿಯೊಬ್ಬಳು ನಾಚಿಕೊಂಡು ಬೇಡವೆನ್ನುತ್ತಾಳೆ. "ಮತ್ತೆ ತಿನ್ನಾಕೆ ಏನ್ ಬೇಕು?" ಈಗ ಕುಣಿಯುವ ಹಾಡೊಂದರ ಇಡೀ ಗುಂಪು ಒಟ್ಟಿಗೆ ಕೂಗುತ್ತದೆ, ಅದರ ಬೆನ್ನಿಗೇ ಒಂದು ಮೇವಿನ ಅಂಗಡಿಯ ಹೆಸರು. ಅಲ್ಲಿಗೆ ಬರುವಷ್ಟರಲ್ಲಿ ಕೇಳಿದವರು ನಕ್ಕು ಹೊಟ್ಟೆ ಹಿಡಿದುಕೊಂಡಿರುತ್ತಾರೆ.

ಆದರೆ ಪುಷ್ಪಾ ಈಗ ನಗುತ್ತಿಲ್ಲ. ರೆಕಾರ್ಡಿಂಗಿನ ಕೊನೆಯಲ್ಲಿ ಊರಿನ ಕುರುಬ ಬೈರಪ್ಪ ತಮ್ಮ ಮಂದೆಯನ್ನು ಕೂಗುವ ಕರೆಯಿದೆ. ಐದು ಸೆಕೆಂಡು. ಅದನ್ನು ಕತ್ತರಿಸಿ ತೆಗೆಯುವ ಕೆಲಸ ನಡೆದಿದೆ. "ಮೇವಿನಂಗಡಿ ಆಟೋ ಇವತ್ತು ಮೈಕ್ ಹಾಕ್ಕೊಂಡು ಬರೋದ್ರೊಳಗೆ ಇದನ್ನ ಕಿತ್ತಾಕ್ಬೇಕು. ಇಲ್ದಿದ್ರೆ ಬೈರಪ್ಪ ಮಾವನ ಕುರಿ ಮಾವನ ಮಾತ್ನೇ ಕೇಳದಂಗೆ ಆಗೋಯ್ತವೆ" ಎನ್ನುತ್ತಾರೆ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಪುಷ್ಪಾ ಮೇಚೇರಿಯ ಮೈಕ್‌ಸೆಟ್ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದವರು. ಕ್ಯಾಸೆಟ್ಟು ಒರೆಸಿ ಜೋಡಿಸುವುದು, ಮದುವೆ ಮನೆಗೆ ಬೇಕಾದ ಹಾಡು ಹುಡುಕಿ ಕೊಡುವುದು. ಯಾವ ಹಾಡಿನಲ್ಲಿ ಎಷ್ಟನೇ ಹೊತ್ತಿಗೆ ಯಾರು ಬಿಕ್ಕುತ್ತಾರೆ, ಯಾರು ಗದರುತ್ತಾರೆ ಎಂಬುದು ಅಲ್ಲೇ ತಲೆಯೊಳಗೆ ಇಳಿಯಿತು. ಹಾಡಿನ ತುಣುಕಿಗೆ ಪ್ರಶ್ನೆ ಹೊಂದಿಸುವ ಉಪಾಯ ಹೊಳೆದದ್ದು ಮಾತ್ರ ಮನೆಯಲ್ಲಿ. ಅತ್ತೆ ಮುನಿಲಕ್ಷ್ಮಮ್ಮ ಕನ್ನಡದಲ್ಲಿ ಕೇಳುತ್ತಾರೆ, ಪುಷ್ಪಾ ಅವರ ಮಗಳು ತಮಿಳಿನಲ್ಲೇ ಉತ್ತರ ಎಸೆಯುತ್ತಾಳೆ. "ಅತ್ತೆ 'ಉಂಡ್ಯೇನೇ' ಅಂದ್ರೆ ಇವ್ಳು 'ಅಪ್ಪುರಂ ಪಾಕ್ಕಲಾಂ', ಆಮೇಲೆ ನೋಡಾನ ಅಂತಾಳೆ. ನಮ್ಮೂರಲ್ಲಿ ಮನೆಮನೇಲೂ ಇದೇ ಕಾಮೆಡಿ. ನಾನು ಅದಕ್ಕೆ ಪಾಟ್ಟು ಜೋಡಿಸ್ದೆ, ಅಷ್ಟೇಯ."

ಮೊಬೈಲಿನಲ್ಲಿ ಈಗ ಎರಡು ಸಾವಿರದ ಮುನ್ನೂರು ತುಣುಕುಗಳಿವೆ. ಹೆಸರಿಟ್ಟಿರುವುದು ಕನ್ನಡದಲ್ಲಿ, ಬರೆದಿರುವುದು ತಮಿಳು ಅಕ್ಷರದಲ್ಲಿ. ಕಲಿತದ್ದು ಅದೊಂದೇ ಬರಹ. 'ಸುಳ್ಳು ಅಳು', 'ನಿಜ ಅಳು', 'ಬರಲ್ಲ ಅಂತಾಳೆ ಆದ್ರೆ ಬರ್ತಾಳೆ'. ವಾರಕ್ಕೆ ಎರಡು ರೆಕಾರ್ಡಿಂಗು, ಒಂದೊಂದೂ ಒಂದೂವರೆ ನಿಮಿಷ, ಹದಿನಾಲ್ಕೋ ಹದಿನೈದೋ ತುಣುಕು. ಒಂದು ತುಣುಕಿಗೆ ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಹಾಡುವವರು ಉಸಿರೆಳೆದುಕೊಳ್ಳುವ ಜಾಗದಲ್ಲೇ ಕತ್ತರಿ ಬೀಳಬೇಕು. "ಉಸ್ರು ತುಂಡಾದ್ರೆ ನಗು ಬರಲ್ಲ, ಪಾಪ ಅನ್ನಿಸ್ತದೆ."

ಅವು ಫೋನಿನಿಂದ ಫೋನಿಗೆ ಊರೂರು ಸುತ್ತುತ್ತವೆ; ಯಾವುದರಲ್ಲೂ ಅವರ ಹೆಸರಿಲ್ಲ. ಒಮ್ಮೆ ನಲ್ಲಂಪಳ್ಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು ತನ್ನ ಫೋನಿನಲ್ಲಿ ಪುಷ್ಪಾ ಅವರದೇ ರೆಕಾರ್ಡಿಂಗು ಹಾಕಿಕೊಂಡು, ನಕ್ಕೂ ನಕ್ಕೂ ಅವರ ಭುಜಕ್ಕೇ ಒರಗಿದ್ದಳಂತೆ. ಅದು ತನ್ನದೇ ಎಂದು ಇವರು ಹೇಳಲಿಲ್ಲ. "ಹೇಳಿದ್ರೆ ಅವ್ಳು ನಗೋದು ನಿಲ್ಸಿ ನನ್ ಮುಖ ನೋಡ್ತಾ ಇದ್ಲು. ನಗ್ಲಿ ಬುಡು ಅಂತ ಸುಮ್ಕಾದೆ." ಆ ದಿನದ ಮಾತು ಹೇಳುವಾಗ ಈಗಲೂ ಅವರ ಕಣ್ಣು ಮಿನುಗುತ್ತದೆ.

"ಮನೇಲಿರೋರು ಸಾಲ್ದು ಅಂತ ಮೂಟೆಗಳ್ನೂ ಮಾತಾಡಿಸ್ತಾ ಕೂತವ್ಳೆ" ಎಂದು ಮುನಿಲಕ್ಷ್ಮಮ್ಮ ಹೊರಗಿನಿಂದ ಚುಚ್ಚುತ್ತಾರೆ.

"ಮೂಟೆ ಎದುರುತ್ತರ ಕೊಡಲ್ಲ ಅತ್ತೆ, ಅದುಕ್ಕೇಯ."

ವ್ಯಾಪಾರದ ಪ್ರಚಾರಕ್ಕೆ ಕುರಿಯ ರೆಕಾರ್ಡಿಂಗು ಬೇಕೆಂದದ್ದು ಮೇವಿನ ಅಂಗಡಿಯ ಶರವಣಕುಮಾರ್. ಕೊನೆಯಲ್ಲಿ ನಿಜವಾದ ಕರೆಯೊಂದು ಇದ್ದರೆ ಚೆಂದವೆಂದು ಪುಷ್ಪಾ ಒಂದು ಸಂಜೆ ಬೈರಪ್ಪನವರ ದೊಡ್ಡಿಯ ಬೇಲಿಯ ಹತ್ತಿರ ಫೋನು ಹಿಡಿದು ನಿಂತರು. ಅವರ ಒಪ್ಪಿಗೆ ಕೇಳಲಿಲ್ಲ. ಈ ಬಯಲಿನ ಕುರಿ ಸಾಕುವ ಮನೆಗಳಲ್ಲಿ ಒಂದೊಂದು ಮಂದೆಗೂ ಒಂದೊಂದು ಕರೆ. ತಂದೆಯಿಂದ ಮಗನಿಗೆ ಬಂದದ್ದು. ಇನ್ನೊಬ್ಬರು ಆ ದನಿ ಎತ್ತುವುದಿಲ್ಲ. ಬೈರಪ್ಪ ನಾಲಿಗೆ ಮಡಿಚಿ ಉರುಳಿಸಿ, ಕೊನೆಯಲ್ಲಿ ಮೆಲ್ಲಗೆ ಇಳಿಸುವ ಆ ಕರೆ ಅರವತ್ತೆರಡು ಕೆಂಚು ಕುರಿಗಳಿಗೆ ಮಾತ್ರ ಸೇರಿದ್ದು.

ಮೇವಿನಂಗಡಿಯ ಆಟೋ ಕೆರೆ ಏರಿಯ ಮೇಲೆ ಮೈಕು ಕಟ್ಟಿಕೊಂಡು ಬಂದಾಗ ಆ ಅರವತ್ತೆರಡೂ ಮೇವು ಬಿಟ್ಟು ಆಟೋ ಹಿಂದೆ ಓಡಿದವು. ಊರಿಗೆ ಊರೇ ನಕ್ಕಿತು. ಮಾರನೆಯ ದಿನವೂ ಓಡಿದವು. ಮೂರನೆಯ ದಿನ ಅರ್ಧ. ಒಂಬತ್ತನೆಯ ಸಲ ಒಂದೂ ತಲೆ ಎತ್ತಲಿಲ್ಲ. ಆ ಸಂಜೆ ಬೈರಪ್ಪ ತಾವೇ ಕರೆದರು. ಆಗಲೂ ಎತ್ತಲಿಲ್ಲ.

ಅವರು ಜಗಳಕ್ಕೆ ಬರಲಿಲ್ಲ. ನಿನ್ನೆ ಬಂದು ಅಂಗಳದಲ್ಲಿ ಕೂತು ನೀರು ಕುಡಿದರು. "ನೋಡಮ್ಮಿ, ನಮ್ಮಪ್ಪ ಒಂದು ಸಲನೂ ಸುಮ್‌ಸುಮ್ನೆ ಕರ್ದೋನಲ್ಲ. ಕರುದ್ರೆ ಒಂದೊಂದು ಹಿಡಿ ಜಾಲಿಕಾಯಿ ಕೊಡ್ತಿದ್ದ. ನಾನೂ ಅಂಗೇಯ. ನೀನು ನನ್ ಗಂಟ್ಲಲ್ಲಿ ಒಂಬತ್ತು ಸಲ ಕರ್ದೆ, ಒಂದು ಸಲನೂ ಕೊಡ್ಲಿಲ್ಲ. ಈಗ ಅವು ನನ್ನೇ ಸುಳ್ಳುಗಾರ ಅಂತವೆ. ಹೊತ್ತು ಮುಳುಗ್ದಾಗ ನಾಯಿ ಮಂದೆಗೆ ಬಿದ್ರೆ ಏನಂತ ಕರೀಲಿ?"

ಜನ ನಗುವುದನ್ನೇ ಎಣಿಸಿಕೊಂಡಿದ್ದ ಪುಷ್ಪಾಗೆ, ಕೇಳುವ ಕಿವಿಗಳಲ್ಲಿ ಕುರಿಯ ಕಿವಿಯೂ ಇದೆಯೆಂಬುದು ಹೊಳೆದಿರಲಿಲ್ಲ. ಭಗವಂತ ಮೂಕಪ್ರಾಣಿಗೆ ಕೊಟ್ಟಿರುವ ನಂಬಿಕೆ ದೊಡ್ಡದು. ಅದನ್ನು ಕಳೆಯಲು ಐದು ಸೆಕೆಂಡು ಸಾಕಾಯಿತು.

ಮಂಜು ಕರಗುತ್ತಿದೆ. ಕರೆ ತೆಗೆದ ಹೊಸ ರೆಕಾರ್ಡಿಂಗು ಶರವಣಕುಮಾರ್ ಫೋನಿಗೆ ಹೋಗುತ್ತದೆ. ಕರೆಯಿದ್ದ ಜಾಗದಲ್ಲಿ ಈಗ ಪುಷ್ಪಾ ಅವರೇ ಕುರಿಯಾಗಿ ಅರಚಿದ್ದಾರೆ. "ಇದಕ್ಕೇ ಜಾಸ್ತಿ ಸಿರಿಪ್ಪು, ನಗು ಬರುತ್ತಕ್ಕಾ, ಸೂಪರು" ಎಂದು ಆ ಕಡೆಯಿಂದ ಮಾತು ಬರುತ್ತದೆ. ಬೆಳಗಿನಿಂದ ಮೊದಲ ಸಲ ಪುಷ್ಪಾ ನಗುತ್ತಾರೆ. ಆಮೇಲೆ ಫೋನನ್ನು ಮೂಟೆಯ ಮೇಲಿಟ್ಟು, ನಿನ್ನೆ ಸಂಜೆಯೆಲ್ಲ ಮುಳ್ಳು ಚುಚ್ಚಿಸಿಕೊಂಡು ಉದುರಿಸಿ ತಂದ ಜಾಲಿಕಾಯಿಯ ಎರಡು ಕುಕ್ಕೆಗಳನ್ನು ಎತ್ತಿಕೊಂಡು ಕೆರೆ ಬಯಲಿಗೆ ನಡೆಯುತ್ತಾರೆ.

"ಒಂದೇ ಸಲ ಕರೀತೀನಿ. ಎರಡನೇ ಸಲ ಕರ್ಯೋದಿಲ್ಲ" ಎನ್ನುತ್ತಾರೆ ಬೈರಪ್ಪ.

"ಕರೀ ಮಾವ."

ಕರೆ ಏಳುತ್ತದೆ, ಉರುಳುತ್ತದೆ, ಮೆಲ್ಲಗೆ ಇಳಿಯುತ್ತದೆ. ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಬಗ್ಗುತ್ತವೆ. ಅಷ್ಟರಲ್ಲಿ ಕಿವಿ ಹರಿದ ಮುದಿ ಕುರಿಯೊಂದು ಎರಡು ಹೆಜ್ಜೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಪುಷ್ಪಾ ಅಂಗೈ ಬಿಚ್ಚುತ್ತಾರೆ. ಕಾಯಿ ಕಟಕಟ ಅಗಿಯುವ ಸದ್ದಿಗೆ ಇನ್ನೆರಡು, ಹಿಂದೆಯೇ ಹತ್ತು, ಆಮೇಲೆ ಧೂಳೆಬ್ಬಿಸಿಕೊಂಡು ಇಡೀ ಮಂದೆ. ಬೈರಪ್ಪ ತಲೆಯ ಟವೆಲು ತೆಗೆದು ಮುಖ ಒರೆಸಿಕೊಳ್ಳುತ್ತಾರೆ.

ಪುಷ್ಪಾ ಎಣಿಸಿ ಎಣಿಸಿ ಹಂಚುತ್ತಾರೆ. ಒಂದೊಂದು ಕುರಿಗೂ ಒಂದೊಂದು ಹಿಡಿ. ಓಡಲಾರದೆ ದೂರದಲ್ಲೇ ಉಳಿದ ಕುಂಟು ಕುರಿಯ ಹತ್ತಿರ ತಾವೇ ನಡೆದು ಹೋಗಿ, ಮೊಣಕಾಲೂರಿ ಕೂತು, ಅದರ ಪಾಲಿನ ಕಾಯಿಯನ್ನು ಬಾಯಿಗೆ ಹಿಡಿಯುತ್ತಾರೆ.