ಕುರಿ ಕಾಯದವಳ ರಕ್ತ

ಉದ್ದವ್ವನ ಕೈಗಳು ಚಿಕ್ಕವು. ಮದುವೆಯಾಗಿ ಘೋಡಗೇರಿಗೆ ಬಂದ ಹೊಸತರಲ್ಲೇ ಅತ್ತೆ ಯಮನವ್ವ ಆ ಕೈ ಹಿಡಿದು ತಿರುಗಿಸಿ ನೋಡಿ, "ಕುರಿ ಈಯಿಸಾಕ ಛಲೋ ಅದಾವು" ಎಂದಿದ್ದಳು. ಬಳೆಯ ಅಳತೆಗೆ ಹಿಡಿದಿದ್ದಾಳೆಂದು ಉದ್ದವ್ವ ತಿಳಿದಿದ್ದಳು.

ಅಂದಿನಿಂದ ಆ ಮನೆಯ ಕುರಿಗಳ ಹೆರಿಗೆ ಅವಳದಾಯಿತು. ಮರಿ ಅಡ್ಡ ತಿರುಗಿದ್ದರೆ ಕೈ ಒಳಗೆ ಹಾಕಿ ಕಾಲು ಹುಡುಕಿ ಎಳೆಯಬೇಕು. ಹೊರಬಂದ ಮರಿ ಉಸಿರಾಡದಿದ್ದರೆ ಲೋಳೆ ಒರೆಸಿ ಅದರ ಮೂಗಿಗೆ ಬಾಯಿ ಹಚ್ಚಿ ಊದಬೇಕು. ಈದ ಮೇಲೆ ಬೀಳುವ ಮಾಸನ್ನು, ಅವರ ಮಾತಿನ ಕಸವನ್ನು, ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಬೇಕು. ಬಲವಿಲ್ಲದ ಮರಿಗಳನ್ನು ಒಲೆಯ ಬಾಜೂ ಗೋಣಿಚೀಲದ ಮೇಲೆ ಮಲಗಿಸಬೇಕು. ಆಮೇಲೆ ಬೂದಿ ಹಚ್ಚಿ ಕೈ ತೊಳೆದು ರೊಟ್ಟಿಗೆ ಹಿಟ್ಟು ನಾದಬೇಕು. ಗಂಡ ಸಿದ್ರಾಯ ಮತ್ತು ಮಾವ ಮಾಳಪ್ಪ ಹಿಂಡಿನ ಹಿಂದೆ ನಡೆಯುವವರು. ತೋಳ, ಲಾರಿ, ಪರರ ಬೆಳೆಗೆ ಬಾಯಿ ಹಾಕಿದ ಕುರಿಯ ಜಗಳ ಇವೆಲ್ಲ ಅವರ ಪಾಲಿಗೆ. ಕುರಿಗೆ ನೋವು ಶುರುವಾದರೆ ಮಾತ್ರ ಇಬ್ಬರೂ ಅತ್ತ ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದರು. ಅದನ್ನು ಗಂಡಸು ನೋಡುವುದು ಮರ್ಯಾದೆಯಲ್ಲ.

ಈ ದುಡಿಮೆಗೆ ಯಾವ ಹೆಸರೂ ಇರಲಿಲ್ಲ. ಸೊಸೆ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ "ಮನ್ಯಾಗ ಇರ್ತಾಳ" ಎನ್ನುತ್ತಿದ್ದರು.

ಅವಳಿಗೆ ಜ್ವರ ಬರತೊಡಗಿದ್ದು ಯಾವಾಗಿನಿಂದ ಎಂಬುದು ಅವಳಿಗೂ ನೆನಪಿಲ್ಲ. ಸಂಜೆ ಮೈ ಕಾಯುವುದು, ಬೆವರಿ ಸೀರೆ ಒದ್ದೆಯಾಗುವುದು, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಇಳಿಯುವುದು. ಹೀಗೆ ಕೆಲವು ದಿನ ಕಾಡಿ ಜ್ವರ ಮರೆಯಾಗುತ್ತಿತ್ತು. ಸೊಂಟದ ನೋವು ಮಾತ್ರ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮೈ ತಣ್ಣಗಿದ್ದವಳು ಸಂಜೆ ಬಿಸಿ ಎಂದರೆ ಯಾರು ನಂಬುತ್ತಾರೆ?

"ಕೆಲಸದ ಹೊತ್ತಿಗೆ ಬರೋ ಜ್ವರ ಅದು" ಎಂದು ಮಾಳಪ್ಪ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. "ಹೋಳಿಗಿ ಮಾಡಿದ ದಿನ ಬರೂದಿಲ್ಲ ನೋಡ್ರಿ."

ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿಯಿತು. ಅದಕ್ಕೂ ಊರಿನಲ್ಲಿ ಕಾರಣಗಳಿದ್ದವು. ಭಾರ ಎತ್ತಿದಳು, ಹೊತ್ತಲ್ಲದ ಹೊತ್ತಿನಲ್ಲಿ ಹಳ್ಳ ದಾಟಿದಳು, ತವರಿನವರು ಸೀಮಂತದಲ್ಲಿ ಸರಿಯಾಗಿ ಮಡಿಲು ತುಂಬಲಿಲ್ಲ. ಈಗ ಮೂರನೆಯದು ನಿಂತಿತ್ತು. ಮಾಳಪ್ಪ ಮೂಡಲಗಿ ಕಡೆಯ ಬೀಗರೊಬ್ಬರ ಮನೆಗೆ ಹೋಗಿ ಬಂದ ಮೇಲೆ ಎಲ್ಲರೂ ಉಣ್ಣುವಾಗ ಹೇಳಿದ.

"ಈ ಸಲಾನೂ ನಿಲ್ಲಲಿಲ್ಲಂದ್ರ ಸಿದ್ರಾಯಗ ಇನ್ನೊಂದು ಮಾಡೂದs. ಹುಡುಗಿ ಗಟ್ಟಿ ಅದಾಳ. ಕೆಲಸಕ್ಕೂ ಆಗ್ತಾಳ."

ಸಿದ್ರಾಯ ರೊಟ್ಟಿ ಮುರಿದ. ಉದ್ದವ್ವ ಮಾವನ ತಾಟಿಗೆ ಸಾರು ಹಾಕಿದಳು. ಹೊಟ್ಟೆಯೊಳಗಿನದು ನಿಂತರೆ ತಾನು ಈ ಮನೆಯಲ್ಲಿ ನಿಲ್ಲುತ್ತೇನೆ ಎಂಬುದು ಅವಳಿಗೆ ಅಷ್ಟು ಸ್ಪಷ್ಟವಾಗಿ ಎಂದೂ ಕೇಳಿಸಿರಲಿಲ್ಲ.

ಆ ಹಂಗಾಮಿನಲ್ಲಿ ಘೋಡಗೇರಿಯ ಹಿಂಡುಗಳಲ್ಲಿ ಕುರಿಗಳು ಒಂದರ ಹಿಂದೊಂದು ಕಂದು ಹಾಕತೊಡಗಿದವು. ದಿನ ತುಂಬುವ ಮೊದಲೇ ಸತ್ತ ಮರಿಗಳು ಬೀಳುತ್ತಿದ್ದವು. ಅರಿಶಿನದ ಗಡ್ಡೆ ಕೊಳೆತರೆ ಅರಭಾವಿಯ ತೋಟಗಾರಿಕೆ ಕಾಲೇಜಿನವರನ್ನು ಕೇಳುವುದು ಊರಿಗೆ ರೂಢಿ. ಅವರು ಬಂದು ಮಣ್ಣು, ಬೇರು ಕೊಂಡೊಯ್ದು ಯಾವ ರೋಗಾಣು ಎಂದು ಹೇಳುತ್ತಿದ್ದರು. ಕುರಿಯ ವಿಷಯಕ್ಕೂ ಯಾರೋ ಎಲ್ಲಿಗೋ ಫೋನ್ ಮಾಡಿದರು. ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳ ಸಂಶೋಧನೆ ನಡೆಸುತ್ತಿದ್ದ ಒಂದು ತಂಡ ಜೀಪಿನಲ್ಲಿ ಬಂತು. ಅದರಲ್ಲಿ ವಿಜಯಲಕ್ಷ್ಮಿ ಎಂಬ ಹುಡುಗಿ ಇದ್ದಳು. ಹುಕ್ಕೇರಿಯವಳೇ, ಸಂಶೋಧನೆಗೆಂದು ಓದುತ್ತಿದ್ದಳು.

ಅವರು ಕುರಿಗಳ ಕುತ್ತಿಗೆಯಿಂದ ರಕ್ತ ತೆಗೆದು ಕೊಳವೆಗಳಿಗೆ ತುಂಬಿದರು. ಆಮೇಲೆ ತಂಡದ ಹಿರಿಯ ಕೂಗಿದ. "ಕುರಿ ಕಾಯೋರೆಲ್ಲ ಬರ್ರಿ. ನಿಮ್ಮ ರಕ್ತಾನೂ ನೋಡಬೇಕು."

ಗಂಡಸರು ಸಾಲಾಗಿ ನಿಂತರು. ಬಾಜೂ ಮನೆಯ ಕೆಂಚಪ್ಪ ತೋಳು ಮುಂದೆ ಮಾಡಿ, "ನನ್ನ ಮೈಯಾಗ ರಕ್ತ ಇಲ್ರಿ, ಬರೇ ಚಹಾ ಐತಿ" ಎಂದ. ಸೂಜಿ ಚುಚ್ಚಿದಾಗ ಅವನೇ ಮೊದಲು ಕಣ್ಣು ಮುಚ್ಚಿದ. ಎಲ್ಲರೂ ನಕ್ಕರು. ಹೆಂಗಸರು ಜೀಪಿನವರಿಗೆ ಚಹಾ ಮಾಡುತ್ತಿದ್ದರು.

ಉದ್ದವ್ವ ಚಹಾ ತಂದಿಡುವಷ್ಟರಲ್ಲಿ ಹಟ್ಟಿಯಲ್ಲಿ ಒಂದು ಕುರಿ ನೆಲಕ್ಕೆ ಒರಗಿತು. ಅವಳು ತಾಟು ಕೆಳಗಿಟ್ಟು ಓಡಿದಳು. ವಿಜಯಲಕ್ಷ್ಮಿ ಕೈಯಲ್ಲಿ ಚಹಾದ ಕಪ್ ಹಿಡಿದು ನೋಡುತ್ತಿದ್ದಳು. ಉದ್ದವ್ವ ಬರಿಗೈಯಿಂದ ಸತ್ತ ಮರಿಯನ್ನು ಹೊರಗೆಳೆದಳು; ಒಳಗೆ ಉಳಿದ ಕಸವನ್ನು ಬಿಡಿಸಿ ತೆಗೆದಳು; ಸೆರಗಿನಿಂದ ಮುಖದ ಮೇಲಿನ ಹನಿ ಒರೆಸಿಕೊಂಡಳು. ವಿಜಯಲಕ್ಷ್ಮಿ ಚಹಾ ಕುಡಿಯಲಿಲ್ಲ.

"ಅಕ್ಕಾರ, ನಿಮ್ಮ ರಕ್ತಾ ತಗೊಳ್ಳಲೇನ್ರಿ?"

"ಆಕಿ ಕುರಿ ಕಾಯೂದಿಲ್ರಿ" ಎಂದು ಮಾಳಪ್ಪ ನಡುವೆ ಬಂದ. "ಮನ್ಯಾಗ ಇರ್ತಾಳ."

ಉದ್ದವ್ವ ಆಗಲೇ ಕೈ ತೊಳೆಯಲು ಕುಳಿತಿದ್ದಳು. ಒದ್ದೆ ತೋಳನ್ನೇ ಮುಂದೆ ಮಾಡಿದಳು. "ತಗೋರಿ. ನಂಗ ಜ್ವರಾ ಬರ್ತಾವು. ಇವರು ಖರೆ ಅನ್ನೂದಿಲ್ಲ."

"ನೀವೂ ಕೊಡ್ರಿ, ಅವ್ವಾರ" ಎಂದು ವಿಜಯಲಕ್ಷ್ಮಿ ಯಮನವ್ವನತ್ತ ತಿರುಗಿದಳು.

"ನನ್ನ ಮುದಿ ರಕ್ತ ತಗೊಂಡು ಏನ್ ಮಾಡ್ತಿ ತಂಗಿ? ಹೋಗು, ಚಹಾ ಆರಾಕತ್ತೇತಿ."

ಕೆಲವು ದಿನಗಳ ಮೇಲೆ ಸಿದ್ರಾಯನ ಮೊಬೈಲಿಗೆ ಫೋನ್ ಬಂತು. ಸಾಲಿನಲ್ಲಿ ನಿಂತ ಗಂಡಸರ ರಕ್ತದಲ್ಲಿ ಏನೂ ಇರಲಿಲ್ಲ. ಕುರಿಗಳಲ್ಲಿ ಕಂಡ ರೋಗಾಣುವಿನ ಗುರುತು ಉದ್ದವ್ವನ ರಕ್ತದಲ್ಲಿತ್ತು. ಸಿದ್ರಾಯ ಮೊಬೈಲನ್ನು ಅವಳ ಕೈಗೆ ಕೊಟ್ಟ. ವಿಜಯಲಕ್ಷ್ಮಿ ನಿಧಾನವಾಗಿ ಹೇಳಿದಳು. ಇದು ಬ್ರುಸೆಲ್ಲಾ ಎಂಬ ರೋಗಾಣು. ಕಂದು ಹಾಕಿದ ಕುರಿಯ ಗರ್ಭದ ನೀರಿನಲ್ಲಿ, ಕಸದಲ್ಲಿ, ಕಾಸದ ಹಾಲಿನಲ್ಲಿ ಇರುತ್ತದೆ. ಕೈಯ ಸಣ್ಣ ಗಾಯದಿಂದ, ಬಾಯಿಯಿಂದ ಮನುಷ್ಯರ ಮೈಗೆ ಸೇರುತ್ತದೆ. ಬಂದು ಹೋಗಿ ಮಾಡುವ ಜ್ವರ ಅದರದೇ. ಬಸಿರು ಇಳಿಸುವುದೂ ಉಂಟು. ಗುಳಿಗೆ ಇದೆ, ತಡಮಾಡಬಾರದು. ಇನ್ನು ಮುಂದೆ ಬರಿಗೈಯಿಂದ ಕುರಿ ಈಯಿಸಬಾರದು.

"ಹಂಗಾರ ನಾ ಸೋಗ ಮಾಡಾಕತ್ತಿದ್ದಿಲ್ಲ" ಎಂದಳು ಉದ್ದವ್ವ.

"ಇಲ್ರಿ, ಅಕ್ಕಾರ."

ಆ ದಿನ ಅವಳಿಗೆ ಹೆದರಿಕೆಗಿಂತ ಹಗುರಾದದ್ದೇ ಹೆಚ್ಚು.

ಮರುದಿನ ಗಂಡಹೆಂಡತಿ ಬಸ್ಸು ಹತ್ತಿ ಗೋಕಾಕಿನ ಒಂದು ದವಾಖಾನೆಗೆ ಹೋದರು. ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ, ಕಾಗದ ಓದಿ, "ನೀವು ಹೊರಗ ಕೂಡ್ರಮ್ಮ" ಎಂದು ಸಿದ್ರಾಯನನ್ನು ಒಳಗೇ ಉಳಿಸಿಕೊಂಡರು. ಹೊರಗಿನ ಬೆಂಚಿನ ಮೇಲೆ ಕುಳಿತ ಅವಳಿಗೆ ಮಾತು ಕೇಳುತ್ತಿರಲಿಲ್ಲ. ಸಿದ್ರಾಯ ಗುಳಿಗೆಯ ಚೀಲ ಹಿಡಿದು ಹೊರಬಂದ.

"ಏನಂದ್ರು?"

"ಆರು ವಾರ ತಗೋಬೇಕಂತ. ಬಿಡಬಾರದಂತ."

"ಮತ್ತ?"

"ಮತ್ತೇನಿಲ್ಲ. ನಡಿ, ಬಸ್ ಹೋಗ್ತೈತಿ."

ಅದಾದ ಎರಡನೆಯ ದಿನ ಸಿದ್ರಾಯ ಸಂಕೇಶ್ವರದ ಕಡೆ, ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಲು ಹಿಂಡು ಹೊಡೆದುಕೊಂಡು ಹೋದ. ಗಬ್ಬದ ಕುರಿಗಳ ಜೊತೆ ಮಾಳಪ್ಪ ಮನೆಯಲ್ಲೇ ಉಳಿದ.

ಗುಳಿಗೆ ಶುರುಮಾಡಿದ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಉದ್ದವ್ವ ಕೆಂಪು ಕಂಡಳು. ತನ್ನ ಮೈಯಿಂದ ಹೋದದ್ದು. ಗೋಡೆ ಹಿಡಿದುಕೊಂಡು ನಿಂತಳು. ಎರಡು ಸಲವೂ ಹೀಗೇ ಶುರುವಾಗಿತ್ತು. "ಅತ್ತೀ" ಎಂದು ಕೂಗಿದಳು. ಯಮನವ್ವ ಬಂದು ಬಗ್ಗಿ ನೋಡಿದಳು. ಸೊಸೆಯ ರಟ್ಟೆ ಹಿಡಿದಳು.

"ಗುಳಿಗಿ ಕಾವು ಇದು. ನಮ್ಮ ಮೈ ತಡೀತಾವೇನ ಅವನ್ನ? ಬಿಡು ಮೊದಲ."

"ಬಿಡಬಾರದಂತ ಹೇಳ್ಯಾರ್ರಿ."

"ಹೇಳಿದವರು ಹೆರ್ತಾರೇನ?"

ಗುಳಿಗೆಗಳು ತಿಪ್ಪೆಗೆ ಹೋದವು. ಯಮನವ್ವ ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿ ಕಾಲ ಕೆಳಗೆ ದಿಂಬಿಟ್ಟಳು. ಜೀರಿಗೆ ಕುದಿಸಿ ಆರಿಸಿದ ನೀರು ಕುಡಿಸಿದಳು. ಎರಡು ದಿನದಲ್ಲಿ ಕೆಂಪು ನಿಂತಿತು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕಿತ್ತು? ಯಮನವ್ವ ಮನೆದೇವರಿಗೆ ಕಾಯಿ ಒಡೆಸಿದಳು. ಸೊಸೆಗೆಂದು ಅವಳು ಬೇರೆಯಾಗಿ ಅನ್ನ ಬಸಿದದ್ದು ಅದೇ ಮೊದಲು.

ನಾಲ್ಕಾರು ದಿನ ಹಟ್ಟಿಯ ಕೆಲಸವನ್ನೂ ಯಮನವ್ವನೇ ಮಾಡಿದಳು. ಆದರೆ ಅವಳ ಸೊಂಟ ಬಗ್ಗುತ್ತಿರಲಿಲ್ಲ, ಬೆರಳುಗಳು ಸೆಟೆದಿದ್ದವು. ಒಂದು ಮಧ್ಯಾಹ್ನ ಮರಿಯ ತಲೆ ಸಿಕ್ಕಿಹಾಕಿಕೊಂಡಿತು. ಮಾಳಪ್ಪ ಅಂಗಳದಲ್ಲೇ ಕುಳಿತಿದ್ದ. ಎದ್ದು ಬರಲಿಲ್ಲ. "ಏ ಉದ್ದವ್ವ, ಮಲ್ಕೊಂಡೀಯೇನ? ಕುರಿ ಸಾಯಾಕತ್ತೇತಿ" ಎಂದು ಅಲ್ಲಿಂದಲೇ ಕೂಗಿದ. ಅವಳು ಎದ್ದಳು. ಇದೊಂದು ಸಲ ಎಂದುಕೊಂಡು ಕೈ ಹಾಕಿದಳು. ಆಮೇಲೆ ಮತ್ತೊಂದು ಕುರಿ ಈಯಿತು, ಮತ್ತೂ ಒಂದು.

ಜ್ವರ ಮರಳಿ ಬಂತು. ಈ ಸಲ ಬೆಳಿಗ್ಗೆಯೂ ಇಳಿಯಲಿಲ್ಲ. ಒಂದು ದಿನ ಹಿಟ್ಟು ನಾದುವಾಗ ಸೊಂಟದಿಂದ ನೋವು ಕೆಳಗಿಳಿಯಿತು. ಕಲಸಿದ ಹಿಟ್ಟಿನ ಮೇಲೆ ತಾಟು ಮುಚ್ಚಿಟ್ಟು ಒಳಕೋಣೆಗೆ ಹೋದಳು. ಗಾಡಿ ಕರೆಸಿ ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ಗಂಡುಕೂಸು. ಅಂಗೈಯಗಲದ ಬೆನ್ನು. ಯಮನವ್ವ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋಗಿ ಹೂಳಿ ಬಂದಳು. ಬಂದವಳು ಮುಚ್ಚಿಟ್ಟ ಹಿಟ್ಟು ತೆಗೆದು ಮಾಳಪ್ಪನಿಗೆ ರೊಟ್ಟಿ ಬಡಿದಳು.

ಹಿಂಡಿನೊಂದಿಗೆ ಸಿದ್ರಾಯ ಮರಳಿದ ವಾರವೇ ಎರಡನೆಯ ಸಲ ರಕ್ತ ತೆಗೆಯಲು ವಿಜಯಲಕ್ಷ್ಮಿ ಬಂದಳು. ಉದ್ದವ್ವನ ಬರಿದಾದ ಹೊಟ್ಟೆ ನೋಡಿ ಸೂಜಿಯ ಪೆಟ್ಟಿಗೆ ಕೆಳಗಿಟ್ಟಳು.

"ಗುಳಿಗಿ ಪೂರ್ತಿ ತಗೊಂಡ್ರೇನ್ರಿ?"

"ತಗೊಂಡ ಮ್ಯಾಲನs ರಕ್ತ ಹೋಗಾಕತ್ತು" ಎಂದಳು ಯಮನವ್ವ. "ನಾನs ಬಿಡಿಸಿದೆ."

"ರಕ್ತ ಹೋತಾ? ಅಥವಾ ಉಚ್ಚಿ ಕೆಂಪಗಾತಾ?"

ಉದ್ದವ್ವ ಹಿತ್ತಲಿನ ಬಚ್ಚಲ ಕಲ್ಲಿನತ್ತ ತಿರುಗಿದಳು.

"ಆ ಗುಳಿಗಿ ಬಣ್ಣ ಹಂಗs ಐತ್ರಿ. ಉಚ್ಚಿ, ಬೆವರು, ಕಣ್ಣೀರು ಸೈತ ಕೆಂಪಗಾಗ್ತಾವು. ಅದರಿಂದ ಏನೂ ಆಗೂದಿಲ್ಲ. ಡಾಕ್ಟರು ಹೇಳಿರ್ತಾರಲ್ರಿ?"

ಉದ್ದವ್ವ ಗಂಡನತ್ತ ನೋಡಿದಳು. ಸಿದ್ರಾಯ ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಂಡ.

"ಹೇಳಿದ್ರೇನ್ರಿ?" ಎಂದು ಅವಳೇ ಕೇಳಿದಳು.

"ಹೇಳಿದ್ರು."

"ಯಾಕ ಹೇಳಲಿಲ್ಲ ನಂಗ?"

"ಬಸ್ಸಿನಾಗ ಮಂದಿ ಇದ್ರು. ಮನ್ಯಾಗ ಅಪ್ಪ ಇದ್ದ, ಅವ್ವ ಇದ್ಳು." ಅವನ ಧ್ವನಿ ಇಳಿಯಿತು. "ಹೆಣ್ಮಕ್ಕಳ ಉಚ್ಚಿ ಮಾತು ಹೆಂಗ ಆಡ್ಲಿ?"

ಯಮನವ್ವ ಗೋಡೆಗೆ ಒರಗಿ ಕುಳಿತಳು. ತಾನು ತಿಪ್ಪೆಗೆ ಎಸೆದದ್ದೇನೆಂಬುದು ಅವಳಿಗೆ ಈಗ ತಿಳಿದಿತ್ತು.

"ಆದದ್ದು ಆತು" ಎಂದ ಮಾಳಪ್ಪ. "ಅದನ್ನs ಎಷ್ಟಂತ ಕೆದರೂದು? ಮೂಡಲಗಿಯವರಿಗೆ ಹೇಳಿ ಕಳಸ್ತೇನಿ, ಹುಡುಗಿ ನೋಡಾಕ..."

"ಯಾಕ?" ಯಮನವ್ವನ ಧ್ವನಿ ಗಂಡನೆದುರು ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. "ಆಕಿ ಕೈನೂ ಅದರಾಗ ಹಾಕ್ಸಾಕೇನ? ನಂದು ಹಾಕ್ಸಿದ್ರಿ, ಈಕಿದು ಹಾಕ್ಸಿದ್ರಿ." ಅವಳು ಸೆಟೆದ ಬೆರಳಿನ ತೋಳನ್ನು ವಿಜಯಲಕ್ಷ್ಮಿಯ ಮುಂದೆ ಚಾಚಿದಳು. "ತಗೋ ತಂಗಿ. ನಂಗೂ ಸಿದ್ರಾಯನಕಿಂತ ಮೊದಲ ಮೂರು ಹೋಗ್ಯಾವು. ನಮ್ಮತ್ತಿ ನನ್ನ ಕಾಲ್ಗುಣ ಅಂತಿದ್ಳು. ಇದs ಇತ್ತೇನು ನಂಗೂ, ಹೇಳು."

ವಿಜಯಲಕ್ಷ್ಮಿ ತೋಳಿಗೆ ರಬ್ಬರಿನ ಪಟ್ಟಿ ಕಟ್ಟಿದಳು. "ಈಗ ಐತೋ ಇಲ್ಲೋ ಹೇಳಬಹುದು, ಅವ್ವಾರ. ಆಗ ಯಾತಕ್ಕ ಹಂಗಾತು ಅನ್ನೂದನ್ನ ಈಗ ಹೇಳಾಕ ಬರೂದಿಲ್ರಿ."

"ಬರೂದಿಲ್ಲಾ?"

"ಇಲ್ರಿ."

ಮುದುಕಿ ಕೊಳವೆಯೊಳಗೆ ಏರುತ್ತಿದ್ದ ತನ್ನ ರಕ್ತವನ್ನೇ ನೋಡುತ್ತ ಕುಳಿತಳು.

ಉದ್ದವ್ವ ಎದ್ದು ನಿಂತಳು. ಗಂಡನನ್ನು ನೋಡಲಿಲ್ಲ. "ಮೇಡಮ್ಮಾರ, ಕುರಿ ಕಾಯೋರು ಸಾಕು. ಒಲಿ ಮುಂದ ಕುಂತವರು ಅದಾರ. ಬರ್ರಿ, ಕರಕೊಂಡು ಹೋಗ್ತೇನಿ."

ಓಣಿಯಲ್ಲಿ ಮನೆಯಿಂದ ಮನೆಗೆ ಹೋದಳು. ಪ್ರತಿ ಬಾಗಿಲಿನ ಮುಂದೆಯೂ ಅದೇ ಮಾತು, ಕಟ್ಟೆಯ ಮೇಲಿನ ಗಂಡಸರಿಗೂ ಕೇಳುವಷ್ಟು ದೊಡ್ಡದಾಗಿ. "ರಕ್ತಾ ತೋರಸ್ರಿ. ಗುಳಿಗಿ ಕೊಟ್ರ ತಗೋರಿ. ಉಚ್ಚಿ ಕೆಂಪಗ ಹೋಗ್ತೈತಿ, ಅದು ರಕ್ತ ಅಲ್ಲ, ಅಂಜಬ್ಯಾಡ್ರಿ." ಕೆಂಚಪ್ಪ ಎದ್ದು ಒಳಗೆ ಹೋದ. "ಈಕಿಗೆ ತಲಿ ಕೆಟ್ಟೈತಿ, ಪಾಪ" ಎಂದು ಯಾರೋ ಅಂದರು. ಇಬ್ಬರು ಹೆಂಗಸರು ಹೊರಗೆ ಬಂದು ತೋಳು ಕೊಟ್ಟರು.

ಓಣಿಯ ಕೊನೆಯಲ್ಲಿ ಸಾವಿತ್ರವ್ವನ ಮನೆ. ಅವಳ ಸೊಸೆಗೆ ಐದು ತಿಂಗಳು. ಸಾವಿತ್ರವ್ವ ಬಾಗಿಲಲ್ಲೇ ನಿಂತಳು. "ನಮ್ಮ ಹುಡುಗಿಗೆ ಏನೂ ಆಗಿಲ್ಲ. ನಿನ್ನ ನೆರಳು ಬ್ಯಾಡ ಆಕಿ ಮ್ಯಾಲ, ಹೋಗವ್ವಾ" ಎಂದು ಕದ ಮುಚ್ಚಿದಳು.

ಉದ್ದವ್ವ ಕದಕ್ಕೆ ಬಾಯಿ ಹತ್ತಿರ ತಂದು, ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆಗೆ ಕೇಳಲೆಂದು, ಮತ್ತೊಮ್ಮೆ ಅಷ್ಟನ್ನೂ ಹೇಳಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.