ಕಂಬ ಬರುವವರೆಗೆ

ನಮ್ಮ ಕೇರಿಗೆ ಸೋಲಾರ್ ದೀಪ ಬಂದ ದಿನ ಅದನ್ನು ವಾಪಸ್ ಕಳಿಸಿದವನು ನನ್ನ ಅಪ್ಪ. ಕಿಗ್ಗದಿಂದ ಮೇಲೆ, ಕಾಡಿನ ಅಂಚಿನಲ್ಲಿರುವ ಕೂಲಿಯವರ ಕೇರಿ ನಮ್ಮದು. ಕೆಳಗಿನ ತೋಟದ ಮನೆಗಳಿಗೆಲ್ಲ ಕರೆಂಟಿತ್ತು; ಕಾಡು ದಾಟಿಸಿ ನಮ್ಮಲ್ಲಿಗೆ ಕಂಬ ಹಾಕಲು ಮಾತ್ರ ಪರವಾನಗಿ ಸಿಕ್ಕಿರಲಿಲ್ಲ. ಅದರ ಬದಲು ಮನೆಗೊಂದು ಸೋಲಾರ್ ಪ್ಲೇಟು, ಬಲ್ಬು ಕೊಡುತ್ತೇವೆಂದು ಜೀಪಿನಲ್ಲಿ ಬಂದವರು ಹೇಳಿದರು.

“ಕೆಳಗಿನೋರಿಗೆ ಕರೆಂಟು, ನಮಗೆ ಬಿಸಿಲಾ?” ಎಂದ ಅಪ್ಪ. “ಇದನ್ನ ತಗೊಂಡ್ರೆ ಇವ್ರಿಗೆ ಬೆಳಕಾಯ್ತು ಅಂತ ಬರ್ಕೊಳ್ತಾರೆ. ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಕಂಬ ಬರೋದಿಲ್ಲ.”

ಅವನ ಮಾತು ಸುಳ್ಳೆಂದು ಈಗಲೂ ನಾನು ಹೇಳಲಾರೆ. ಮಳೆಗಾಲವಿಡೀ ಸೂರ್ಯನ ಮುಖ ಕಾಣದ ಊರಿಗೆ ಬಿಸಿಲಿನ ದೀಪ ತಂದವರ ಬುದ್ಧಿಗೆ ಏನೆನ್ನಬೇಕೋ. ಆದರೆ ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಕೇರಿಯವರನ್ನೆಲ್ಲ ಊರು ಕಾಯುವ ಚೌಡಿ ದೇವತೆಯ ಕಲ್ಲಿನ ಮುಂದೆ ಸೇರಿಸಿ, ಕಂಬ ಬರುವವರೆಗೆ ಯಾರ ಮನೆಯೊಳಗೂ ಸೋಲಾರ್ ಹೊಗಬಾರದೆಂದು ಕಾಯಿ ಒಡೆಸಿದ. ಕೋರ್ಟಿನ ಮಾತಾದರೂ ಮುರಿದೀತು, ಚೌಡಿಯೆದುರು ಕಾಯಿ ಒಡೆದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಎಲ್ಲರೂ ಅಪ್ಪನನ್ನು ಹೊಗಳಿದರು. ಅಮ್ಮ ಮಾತ್ರ, “ಬಚ್ಚಲ ಹತ್ರ ಒಂದು ಲೈಟ್ ಇದ್ದಿದ್ರೆ ಆಗ್ತಿತ್ತು” ಎಂದಳು. ಹೆಂಗಸಿನ ಮಾತು ಯಾರಿಗೆ ಬೇಕು? ಅವಳೂ ಮತ್ತೆ ಕೇಳಲಿಲ್ಲ.

ಮರುವರ್ಷ ಮುಸ್ಸಂಜೆಯಲ್ಲಿ ಅದೇ ಬಚ್ಚಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಕೊಪ್ಪದ ಆಸ್ಪತ್ರೆಯಿಂದ ಮನೆಗೆ ಬಂದವಳು ಮತ್ತೆ ಏಳಲಿಲ್ಲ. ನಾನು ಶೆಟ್ಟಿಕೊಪ್ಪದ ಗಂಡನ ಮನೆಯಿಂದ ಹೋಗಿ ಹೋಗಿ ನೋಡಿಕೊಳ್ಳುತ್ತಿದ್ದೆ. ಹಗಲೆಲ್ಲ ತಮಾಷೆ ಮಾಡುತ್ತಿದ್ದವಳಿಗೆ ಸಂಜೆಯಾದರೆ ಹೆದರಿಕೆ. ರೇಷನ್ನಿನ ಸೀಮೆಎಣ್ಣೆ ನಿಂತುಹೋಗಿತ್ತು. ದಿನಾ ಮೇಣದ ಬತ್ತಿ, ಟಾರ್ಚಿನ ಸೆಲ್ಲು ತರುವಷ್ಟು ದುಡ್ಡಿರಲಿಲ್ಲ. ಡೀಸೆಲ್ ಹಾಕಿದ ಬುಡ್ಡಿದೀಪದ ಹೊಗೆಗೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಸೊಂಟದಲ್ಲಿ ಜೀವ ಹೋಗುವಂಥ ನೋವು. ದೀಪ ಆರಿಸಿದರೆ, “ಇದ್ದೀಯೇನೇ?” ಎಂದು ಕತ್ತಲಲ್ಲಿ ನನ್ನ ಕೈ ಹುಡುಕುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಮೋಡವಿದ್ದರೂ ಒಂದೆರಡು ತಾಸು ಉರಿಯುತ್ತದೆಂದು ಕೊಪ್ಪದ ಅಂಗಡಿಯಿಂದ ಒಂದು ಸಣ್ಣ ಸೋಲಾರ್ ಲಾಟೀನು ತಂದೆ. ಅಪ್ಪ ಜಗಲಿಯಲ್ಲೇ ತಡೆದ.

“ಕಾಯಿ ಒಡೆಸಿದವ ನಾನೇ. ನನ್ನ ಮನೆಯೊಳಗೇ ಇದು ಬಂದ್ರೆ ಕೇರಿಯೋರಿಗೆ ಎಂತ ಹೇಳ್ಲಿ?”

“ಕೇರಿಯೋರು ಬಂದು ಅಮ್ಮನ್ನ ಎತ್ತಿ ಕೂರಿಸ್ತಾರಾ? ನಿನ್ನ ಮರ್ಯಾದಿಗಿಷ್ಟು ಬೆಂಕಿ ಹಾಕ.”

ಅಪ್ಪ ತಲೆ ತಗ್ಗಿಸಿದ, ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ. ಒಳಗಿನಿಂದ ಅಮ್ಮನೇ ಕರೆದಳು.

“ಬ್ಯಾಡ ಬಿಡೇ. ಚೌಡಿ ಮಾತು ಮುರಿದ್ರೆ ಮಕ್ಕಳುಮರಿಗೆ ಒಳ್ಳೇದಾಗೋದಿಲ್ಲ. ನಂಗೆ ನಿನ್ನ ಮುಖ ನೋಡ್ಬೇಕಿತ್ತು, ಅಷ್ಟೇ.”

ಲಾಟೀನು ವಾಪಸ್ ಒಯ್ದೆ. ಆ ಮಳೆಗಾಲ ಮುಗಿಯುವ ಮೊದಲೇ ಒಂದು ಸಂಜೆ ಅಮ್ಮ ಹೋದಳು. ಪಕ್ಕದಲ್ಲೇ ಕೂತಿದ್ದ ನಮಗೆ ಅವಳು ಹೋದದ್ದು ಕಾಣಲಿಲ್ಲ, ಕೈ ತಣ್ಣಗಾದ ಮೇಲೆ ತಿಳಿಯಿತು.

ಅವಳ ವರ್ಷಾಂತಿಕ ಕಳೆದ ಮೇಲೆ ಕಂಬ ಬಂತು. ಅಪ್ಪನ ಹಟದಿಂದಲೇ ಬಂತೆಂದು ಕೇರಿಯವರು ಅವನ ಕೈಯಲ್ಲೇ ಮೊದಲ ಸ್ವಿಚ್ ಹಾಕಿಸಿದರು. ಮಳೆ ಶುರುವಾಗಿ ತಂತಿಯ ಮೇಲೆ ಮರ ಬಿದ್ದು ವಾರಗಟ್ಟಲೆ ಕರೆಂಟು ಹೋದಾಗ ಅವರೇ ಆಫೀಸಿಗೆ ಹೋಗಿ ಸೋಲಾರ್ ಕೇಳಿದರು. ಲೈನ್ ಇರುವ ಮನೆಗೆ ಸೋಲಾರ್ ಕೊಡುವುದಿಲ್ಲವಂತೆ.

ಮೊನ್ನೆ ಸಂಜೆ ಹೋಗಿದ್ದೆ. ಕರೆಂಟಿತ್ತು. ಅಡುಗೆಮನೆಯಲ್ಲಿ, ಜಗಲಿಯಲ್ಲಿ ಬಲ್ಬು ಉರಿಯುತ್ತಿತ್ತು. ಅಮ್ಮ ಮಲಗುತ್ತಿದ್ದ ಕೋಣೆ ಮಾತ್ರ ಕತ್ತಲು, ಅಪ್ಪ ಅಲ್ಲಿ ನೆಲದ ಮೇಲೆ ಕೂತಿದ್ದ. ನಾನು ಸ್ವಿಚ್ಚಿಗೆ ಕೈ ಹಾಕಿದೆ.

“ಹಾಕ್ಬ್ಯಾಡ ಮಾರಾಯ್ತಿ,” ಎಂದ. “ಕತ್ಲಲ್ಲಾದ್ರೆ ಅವ್ಳು ಇಲ್ಲೇ ಮಲಗಿದ್ದ ಹಾಂಗೆ ಇರ್ತದೆ.”