ಬೀಗರ ಬೆನ್ನು

ಯಾಂಗ್‌ಝೌ ಹಳೇ ಪೇಟೆಯ ಓಣಿಯೊಂದರ ಸ್ನಾನದ ಮನೆಯಲ್ಲಿ ಕ್ವಾಂಗ್ ದೆಯೋ ಬಂದವರ ಮೈ ಉಜ್ಜುವ ಕೆಲಸ ಮಾಡುತ್ತಿದ್ದ. ಮೀಸೆ ಮೂಡುವ ಮೊದಲೇ ಕಲಿತ ಕಸುಬು. ಈಗ ತಲೆ ನರೆತಿತ್ತು. ಬಿಸಿನೀರಿನ ತೊಟ್ಟಿಯಲ್ಲಿ ನೆನೆದು ಬಂದವನನ್ನು ಹಲಗೆಯ ಮೇಲೆ ಮಲಗಿಸಿ, ಒದ್ದೆ ಟವೆಲನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡು ಉಜ್ಜಿದನೆಂದರೆ, ಎದ್ದವನು ಹೊಸ ಮೈ ಹೊತ್ತು ಮನೆಗೆ ಹೋಗುತ್ತಿದ್ದ.

ಅವನ ಮಗಳು ಯುನ್‌ಶಿಯಾ ದೂರದ ಚೊಂಗ್‌ಚಿಂಗ್‌ನ ಹುಡುಗನನ್ನು ಮೆಚ್ಚಿದಳು. ಹುಡುಗನ ಅಪ್ಪ ರಾನ್ ಚಾಂಗ್‌ಗುಯಿ ಸಿಟಿ ಬಸ್ಸಿನ ಡ್ರೈವರು. ಊರು ನೋಡುವ ನೆಪದಲ್ಲಿ ಬೀಗರ ಮನೆ ನೋಡಲು ಒಬ್ಬನೇ ಬಂದಿಳಿದ. ದೊಡ್ಡ ಗಂಟಲು, ಒಳ್ಳೆಯ ಮನಸ್ಸು. ಆದರೆ ಖಾರವಿಲ್ಲದ ತುತ್ತು ಅವನಿಗೆ ತುತ್ತೇ ಅಲ್ಲ.

ಬೆಳಿಗ್ಗೆ ಚಹಾದಂಗಡಿಯಲ್ಲಿ ಏಡಿಯ ಸಾರು ತುಂಬಿದ ಹಬೆಯ ಬನ್ನು ಬಂತು. "ಮೊದ್ಲು ತೂತು ಮಾಡಿ ಸಾರು ಹೀರ್ಬೇಕು ಬೀಗ್ರೇ," ಎಂದು ದೆಯೋ ಹೇಳಿ ಮುಗಿಸುವುದರೊಳಗೆ ರಾನ್ ಕಚ್ಚಿಯಾಗಿತ್ತು. ಸಾರು ಹೊಸ ಅಂಗಿಯ ಮೇಲೆ ಹರಿಯಿತು.

"ಅಂಗಿಗಾದ್ರೂ ರುಚಿ ಹತ್ತಿತೋ ಏನೋ, ನನ್ನ ನಾಲಿಗೆಗಂತೂ ಹತ್ಲಿಲ್ಲ," ಎಂದ ರಾನ್. "ಇದೇನ್ರೀ, ಆಸ್ಪತ್ರೆ ಊಟ."

ಮಧ್ಯಾಹ್ನಕ್ಕೆಂದು ದೆಯೋನ ಹೆಂಡತಿ ಚಿಯಾವ್‌ಝೆನ್ ಹಂದಿಮಾಂಸ ಕೊಚ್ಚಿ, ದೊಡ್ಡ ದೊಡ್ಡ ಉಂಡೆ ಕಟ್ಟಿ, ಬೆಳಗಿನಿಂದ ಸಣ್ಣ ಉರಿಯಲ್ಲಿ ಬೇಯಿಸಿದ್ದಳು. ರಾನ್ ಒಂದು ಚೂರು ತಿಂದು ಮೆಣಸಿನಕಾಯಿ ಕೇಳಿದ. ಅವಳ ಮುಖ ಗಂಟಾಯಿತು.

"ಬೀಗ್ರೇ, ನಿಮ್ಮ ನಾಲಿಗೆ ಸುಟ್ಟು ಕರಕಲಾಗಿದೆ. ಅದಕ್ಕೆ ನಾನೇನ್ ಮಾಡ್ಲಿ?"

"ಕರಕಲಲ್ಲ ಬೀಗಿತ್ತಿಯವ್ರೇ, ಪಳಗಿದೆ. ಮದುವೆ ನಮ್ಮೂರಲ್ಲೇ ಆಗ್ಲಿ. ಊಟ ಅಂದ್ರೇನು ಅಂತ ನಿಮ್ಮ ನೆಂಟ್ರೂ ನೋಡ್ಲಿ."

ಯುನ್‌ಶಿಯಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾತು ಹಿಡಿದ ದಾರಿ ದೆಯೋಗೆ ಸರಿಬರಲಿಲ್ಲ. "ಏಳಿ ಬೀಗ್ರೇ, ಸ್ನಾನಕ್ಕೆ ಹೋಗೋಣ," ಎಂದ.

"ಬೀಗರ ಮುಂದೆ ಬಟ್ಟೆ ಬಿಚ್ಚೋದಾ?"

"ಈ ಊರಿನ ಅರ್ಧ ಜನರನ್ನ ನಾನು ಹಾಗೇ ನೋಡಿರೋದು. ಬಟ್ಟೆ ಹಾಕ್ಕೊಂಡು ಎದುರು ಬಂದ್ರೆ ಗುರುತೇ ಹತ್ತಲ್ಲ."

ನಾಚುತ್ತಲೇ ರಾನ್ ಹಲಗೆಯ ಮೇಲೆ ಬೋರಲು ಮಲಗಿದ. ಕೈಯಿಟ್ಟ ಕೂಡಲೇ ದೆಯೋಗೆ ಗೊತ್ತಾಯಿತು: ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಬಲಭುಜ ಮರದ ಗಂಟಿನಂತೆ ಬಿಗಿದುಕೊಂಡಿದೆ. ಬೆಳಗಿನಿಂದ ಇದ್ದ ಬೇಸರವೆಲ್ಲ ಅವನಿಗೆ ಅಲ್ಲೇ ಇಳಿದುಹೋಯಿತು.

"ಹೋದ ವರ್ಷದ ಧೂಳೂ ಇಲ್ಲೇ ಇದೆಯಲ್ಲ ಬೀಗ್ರೇ."

"ಚೊಂಗ್‌ಚಿಂಗ್ ಮಣ್ಣು. ಮರ್ಯಾದೆಯಿಂದ ತೆಗೀರಿ."

ಉಜ್ಜಿ ಮುಗಿಸಿ, ಗುಂಡಗೆ ಮಡಿಚಿದ ಅಂಗೈಯಿಂದ ತಾಳ ಹಿಡಿದು ಬೆನ್ನು ತಟ್ಟುವಷ್ಟರಲ್ಲಿ ರಾನ್ ಗೊರಕೆ ಹೊಡೆಯುತ್ತಿದ್ದ. ದೆಯೋ ಬಟ್ಟೆ ಹೊದಿಸಿ ಪಕ್ಕದಲ್ಲೇ ಕೂತ. ಎದ್ದ ರಾನ್ ಭುಜವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದೊಡ್ಡ ಗಂಟಲು ತಗ್ಗಿಸಿ, "ನೋವಿಲ್ದೆ ಇದ್ರೆ ಹೇಗಿರುತ್ತೆ ಅನ್ನೋದೇ ಮರ್ತುಹೋಗಿತ್ತು ಕಣ್ರೀ," ಎಂದ.

ಅಂದು ರಾತ್ರಿ ಮಧ್ಯಾಹ್ನದ ಉಂಡೆಗಳು ಮತ್ತೆ ಬಿಸಿಯಾದವು.

"ಸಪ್ಪೆಯೇ," ಎಂದ ರಾನ್. "ಇನ್ನೊಂದು ಹಾಕಿ ಬೀಗಿತ್ತಿಯವ್ರೇ. ಮದುವೆ ಇಲ್ಲೇ ಮಾಡೋಣ."

ಚಿಯಾವ್‌ಝೆನ್ ಎರಡು ಹಾಕಿದಳು.

ಮದುವೆಗೆ ಗಂಡಿನ ಕಡೆಯವರು ಬಸ್ಸು ತುಂಬ ಬಂದರು. ಬೀಗನ ಕೈಗುಣವನ್ನು ರಾನ್ ಊರೆಲ್ಲ ಹೇಳಿಕೊಂಡು ಬಂದಿದ್ದರಿಂದ, ಗಂಡಸರೆಲ್ಲ ಹಿಂದಿನ ದಿನವೇ ನೇರ ಸ್ನಾನದ ಮನೆಗೆ ನುಗ್ಗಿ ಹಲಗೆಗಾಗಿ ಸಾಲು ನಿಂತರು. ದೆಯೋ ಮತ್ತು ಅವನ ಜೊತೆಗಾರರು ಕತ್ತಲಾಗುವವರೆಗೆ ಉಜ್ಜಿದರು. ಮರುದಿನ ಔತಣದಲ್ಲಿ ಮದ್ಯದ ಬಟ್ಟಲು ಎತ್ತಬೇಕೆಂದರೆ ಹೆಣ್ಣಿನ ಅಪ್ಪನ ಕೈ ಮೇಲೇಳಲಿಲ್ಲ. ನೆಂಟರೆಲ್ಲ ನಗುತ್ತಿರುವಾಗ ರಾನ್ ಎದ್ದು ಬಂದು, ತಾನೇ ಬಟ್ಟಲು ಹಿಡಿದು ಬೀಗನಿಗೆ ಕುಡಿಸಿದ.